ಮಳೆಗಾಲಕ್ಕೆ ಮುಂಚೆ ವಯಸ್ಸಾದವರ ಮನೆ ಸಜ್ಜು ಮಾಡುವುದು ಹೇಗೆ?

ಜುಲೈ, ಆಗಸ್ಟ್ ಬಂತೆಂದರೆ ಕೊಡಗಿನ ಎಷ್ಟೋ ತೋಟದ ಮನೆಗಳು ದ್ವೀಪಗಳೇ. ಕಾವೇರಿ ಉಕ್ಕಿದರೆ ನಾಪೋಕ್ಲು ಕಡೆಯ ರಸ್ತೆಗಳು ಮುಳುಗುತ್ತವೆ, ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರ್‌ನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಮಕ್ಕಳು ಬೆಂಗಳೂರಲ್ಲೋ ಮೈಸೂರಲ್ಲೋ ಇರುತ್ತಾರೆ, ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಕೆಲಸ ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಿ. ಜೂನ್ ಬಂದ ಮೇಲೆ ಮೇಸ್ತ್ರಿಯೂ ಸಿಗುವುದಿಲ್ಲ, ಸಿಮೆಂಟೂ ಒಣಗುವುದಿಲ್ಲ.

ಮೊದಲು ಅವರ ಜೊತೆ ಹಾಸಿಗೆಯಿಂದ ಟಾರ್ ರಸ್ತೆವರೆಗೆ ಒಮ್ಮೆ ನಡೆಯಿರಿ, ಅವರ ನಡಿಗೆಯಲ್ಲೇ. ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೆ, ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. "ನಂಗೇನೂ ಬೇಡ, ಆರಾಮಾಗಿದೀನಿ" ಅಂತಲೇ ಹೇಳುತ್ತಾರೆ, ಅಲ್ವಾ? ಮಾತು ಬಿಡಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ.

ದುಡ್ಡು ಕಡಿಮೆ ಇದ್ದರೆ ಎಲ್ಲವನ್ನೂ ಬಾತ್‌ರೂಮಿಗೇ ಹಾಕಿ. ರಾತ್ರಿ ಮಳೆಯಲ್ಲಿ ಹಿತ್ತಲಿಗೆ ಹೋಗಬೇಕಾದ ಮನೆಯಾದರೆ ಒಳಗೇ ಒಂದು ಕಮೋಡ್ ಮಾಡಿಸಿ. ಸೀಟು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರ ಇರಲಿ, ಪಕ್ಕದಲ್ಲಿ ಸ್ಟೀಲ್ ಹಿಡಿಕೆ ಬೇಕು. ಟೈಲ್ಸ್‌ಗೆ ಅಂಟಿಸುವ ಹಿಡಿಕೆ ನಂಬಬೇಡಿ. ಗೋಡೆಗೆ ಡ್ರಿಲ್ ಮಾಡಿಸಿ ಬೋಲ್ಟ್ ಹಾಕಿಸಿ, ಆಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಎಳೆದು ನೋಡಿ. ಹಾಸಿಗೆಯಿಂದ ಅಲ್ಲಿಯವರೆಗೆ ಚಾರ್ಜ್ ಆಗುವ ದೀಪ ಇರಲಿ.

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಹಳೇ ಕಲ್ಲಿನ ಮೆಟ್ಟಿಲು ಒಡೆಯುವುದು ಬೇಡ. ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದರೆ ಸಾಕು. ಗಾಲಿಕುರ್ಚಿ ಬೇಕಾದವರಿದ್ದರೆ ಹಿಂಬಾಗಿಲಿಗೆ ರ‍್ಯಾಂಪ್ ಮಾಡಿಸಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಅದಕ್ಕಿಂತ ಕಡಿದಾಗಿ ಬೇಡ. ಮೇಲೊಂದು ಶೀಟಿನ ಚಾವಣಿ ಹಾಕಿಸಿ, ನೆಲ ನುಣ್ಣಗಾಗದಂತೆ ಹಸಿ ಸಿಮೆಂಟಿನ ಮೇಲೆ ಪೊರಕೆಯಲ್ಲಿ ಗೆರೆ ಎಳೆಸಿ. ನಮ್ಮ ಮಳೆಗೆ ಪಾಚಿ ಕಟ್ಟದ ಜಾಗವೇ ಇಲ್ಲ. ಅಂಗಳ, ಮೆಟ್ಟಿಲು, ಬಾವಿಕಟ್ಟೆಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ಮಾತ್ರೆಗಳು ಒಂದೂವರೆ ತಿಂಗಳಿಗೆ ಆಗುವಷ್ಟು ಇರಲಿ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಫ್ರಿಜ್ ಇಲ್ಲದೆಯೂ ತಂಪು ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಎಷ್ಟು ದಿನ ಅಂತ ಪ್ಯಾಕೆಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ, ಓದಿ. ಕರೆಂಟ್ ಹೋಯಿತು ಅಂತ ಸುಮ್ನೆ ಬಿಸಾಡಬೇಡಿ. ಆದರೆ ಆಕ್ಸಿಜನ್ ಮಿಷನ್ ಬೇಕಾದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮಳೆಗಾಲದಲ್ಲಿ ತೋಟದಲ್ಲಿ ಇರಲೇಬಾರದು. ಎಷ್ಟೇ ಹಟ ಮಾಡಲಿ, ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕರೆತನ್ನಿ.

ಆಂಬ್ಯುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112, ಹಿರಿಯರ ಸಹಾಯವಾಣಿ 14567, ಈ ನಂಬರುಗಳನ್ನು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ನೆಟ್‌ವರ್ಕ್ ಇಲ್ಲದಾಗ ಬೇಕಾಗುವುದು ಪಕ್ಕದವರೇ. ಲೈನ್ ಮನೆಯಲ್ಲಿರುವ ತೋಟದ ಕೆಲಸದವರೋ ನೆರೆಯವರೋ, ಒಬ್ಬರಿಗೆ ಬೀಗದ ಕೈ ಕೊಡಿ. ಬೆಳಿಗ್ಗೆ ಎಂಟಾದರೂ ಮುಂಬಾಗಿಲು ತೆರೆಯದಿದ್ದರೆ ಬಂದು ನೋಡಬೇಕು ಅಂತ ಮಾತಾಡಿಕೊಳ್ಳಿ, ಅದಕ್ಕೆ ಸಂಬಳವನ್ನೂ ಕೊಡಿ. ಆನೆ ಓಡಾಡುವ ಕಡೆ ರಾತ್ರಿ ಯಾರೂ ನಡೆದು ಬರಲಾರರು, ಜೀಪ್ ಇರುವವರ ಜೊತೆಗೂ ಮುಂಚೆಯೇ ಮಾತಾಡಿ.

ಕೊನೆಗೊಂದು ಕೆಲಸ ಬಾಕಿ. ಓಣಿಯೊಳಗೆ ಆಂಬ್ಯುಲೆನ್ಸ್ ಬರುವುದಿಲ್ಲವಾದರೆ ಕೈಗಳಿರುವ ಗಟ್ಟಿ ಮರದ ಕುರ್ಚಿಯಲ್ಲಿ ನೀವೇ ಕೂತು, ರಸ್ತೆವರೆಗೆ ಹೊರಿಸಿಕೊಂಡು ನೋಡಿ. ಎಷ್ಟು ಜನ ಬೇಕು, ಎಲ್ಲಿ ಕಾಲು ಜಾರುತ್ತದೆ, ಯಾವ ಕೊಂಬೆ ಕಡಿಯಬೇಕು, ಎಲ್ಲ ಗೊತ್ತಾಗುತ್ತದೆ.