ಮೂವತ್ತಾರು ಕ್ಯಾಪು, ಹನ್ನೊಂದು ಪುಟದ ನೋಟಿಸು

ನೋಟಿಸು ನನ್ನ ಕೈಗೆ ಸಿಗುವುದಕ್ಕೆ ಎರಡು ದಿನ ಮೊದಲೇ ನನ್ನ ಗಿರಾಕಿಗೆ ಸಿಕ್ಕಿತ್ತು. ದಾವಣಗೆರೆಯಿಂದ ಫೋನು. "ಏನ್ ಸಾರ್, ನೀವು ಹಾಕಿಕೊಟ್ಟ ಪ್ಲೇ ಏರಿಯಾ ಬೇರೆಯವರ ಪೇಟೆಂಟಂತೆ. ಹದಿನೈದು ದಿನದಲ್ಲಿ ಬಿಚ್ಚಿ ಹಾಕಬೇಕಂತೆ. ದಸರಾ ರಜೆ ಹತ್ರ ಬಂತು, ನಾನೇನ್ ಮಾಡ್ಲಿ?"

ಇದು 2022ರ ಸೆಪ್ಟೆಂಬರ್. ಪೀಣ್ಯದಲ್ಲಿ ನಮ್ಮದೊಂದು ಶೆಡ್ ಇದೆ. ಮಾಲ್‌ಗಳಲ್ಲಿ, ಹೋಟೆಲ್‌ಗಳಲ್ಲಿ ಮಕ್ಕಳು ಹತ್ತಿ ಇಳಿದು ಆಡುವ ಸಾಫ್ಟ್ ಪ್ಲೇ ಮಾಡುತ್ತೇವೆ. ಜಿಐ ಪೈಪಿನ ಚೌಕಟ್ಟು, ಅದಕ್ಕೆ ಫೋಮ್ ಕೊಳವೆ, ಮೇಲೆ ರೆಕ್ಸಿನ್, ಸುತ್ತ ನೆಟ್, ಪ್ಲೈವುಡ್ ಅಟ್ಟ, ಒಂದು ಜಾರುಬಂಡಿ, ಕೆಳಗೆ ಬಾಲ್ ಪೂಲ್. ಪೇಟೆಂಟ್ ಅನ್ನೋದು ಮೊಬೈಲ್ ಕಂಪನಿಗಳ, ಔಷಧಿ ಕಂಪನಿಗಳ ಜಗಳ ಅಂದುಕೊಂಡಿದ್ದೆ. ಫೋಮ್ ಸುತ್ತಿದ ಪೈಪಿಗೂ ಪೇಟೆಂಟ್ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು?

ನನ್ನ ಪ್ರತಿ ಬಂತು. ಹನ್ನೊಂದು ಪುಟ. ಬೇರೆ ರಾಜ್ಯದ ಒಂದು ಕಂಪನಿ. ಪೈಪುಗಳು ಸೇರುವ ಮೂಲೆಗೆ ಮಕ್ಕಳ ತಲೆ ತಾಗದಿರಲಿ ಅಂತ ನಾವು ಹಾಕುವ ಮೆತ್ತನೆ ಕವರ್ ಇದೆಯಲ್ಲ, ಅದು ಅವರದಂತೆ. ಮಾಡುವುದು ನಿಲ್ಲಿಸಿ, ಹಾಕಿದ್ದನ್ನು ತೆಗೆಯಿರಿ, ಇಲ್ಲಿವರೆಗಿನ ಲೆಕ್ಕ ಕೊಡಿ, ಪರಿಹಾರ ಕೊಡಿ. ನನ್ನ ನಾಲ್ಕು ಗಿರಾಕಿಗಳಿಗೂ ಇದೇ ಕಾಗದ ಹೋಗಿತ್ತು. ಅವರೇನು ತಪ್ಪು ಮಾಡಿದರು ಅಂತ ಸಿಟ್ಟು ಬಂತು. ಆದರೆ 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಪೇಟೆಂಟ್ ಇರುವ ವಸ್ತುವನ್ನು ಒಪ್ಪಿಗೆಯಿಲ್ಲದೆ ಮಾಡುವುದು, ಮಾರುವುದು ಮಾತ್ರ ಅಲ್ಲ, ಬಳಸುವುದೂ ಉಲ್ಲಂಘನೆಯೇ. ಅಂದರೆ ಮಾಲ್‌ನವರನ್ನೂ ಎಳೆಯಬಹುದು. ನನಗೆ ಕೋರ್ಟಿನ ಭಯಕ್ಕಿಂತ ಇದರ ಭಯವೇ ಜಾಸ್ತಿ ಆಯಿತು. ಕೇಸು ವರ್ಷಗಟ್ಟಲೆ ನಡೆದೀತು, ಗಿರಾಕಿ ಒಂದೇ ವಾರದಲ್ಲಿ ಕೈಬಿಡುತ್ತಾನೆ.

ಮೊದಲ ತಪ್ಪು ಅವತ್ತೇ ಮಾಡಿದೆ. ಸೀದಾ ಆ ಕಂಪನಿಗೆ ಫೋನ್ ಹಚ್ಚಿ ಕೂಗಾಡಿದೆ. "ಒಂದೆರಡು ಕಡೆ ಇದ್ದರೆ ಇರಬಹುದು, ಅದಕ್ಕೇನೀಗ?" ಅಂದುಬಿಟ್ಟೆ. ಮಾರನೇ ದಿನ ಲಾಯರ್ ಮೇಡಂ ಹತ್ತಿರ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇನ್ಮೇಲೆ ಅವರ ಫೋನ್ ಎತ್ತಬೇಡಿ. ಮಾತಾಡೋದೆಲ್ಲ ಕಾಗದದಲ್ಲಿ."

ಗೆಳೆಯರ ಸಲಹೆ ಬೇರೆ. ಹತ್ತು ಪರ್ಸೆಂಟ್ ಬದಲಿಸಿದರೆ ಪೇಟೆಂಟ್ ತಾಗಲ್ಲ, ಬಣ್ಣ ಬದಲಿಸು, ಅಳತೆ ಒಂದಿಂಚು ಹೆಚ್ಚು ಮಾಡು ಅಂತ. ಈ ಪರ್ಸೆಂಟ್ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇಂಡಸ್ಟ್ರಿಯಲ್ ಏರಿಯಾದ ಟೀ ಅಂಗಡಿಗಳಲ್ಲಿ ಮಾತ್ರ ಇದೆ.

ನೋಟಿಸಿನಲ್ಲಿ ಅವರ ಪೇಟೆಂಟಿನ ಚಿತ್ರವೂ ನಮ್ಮ ಮೂಲೆಯ ಫೋಟೋವೂ ಅಕ್ಕಪಕ್ಕ ಇದ್ದವು. ನೋಡಿದರೆ ಅಣ್ಣತಮ್ಮಂದಿರ ಹಾಗಿದ್ದವು. ನನ್ನ ಕೈ ತಣ್ಣಗಾಯಿತು. ಮೇಡಂ ಕರೆಸಿದ ಪೇಟೆಂಟ್ ಏಜೆಂಟ್ ಹುಡುಗ ಆ ಪುಟ ನೋಡಲೇ ಇಲ್ಲ. "ಚಿತ್ರ ಬಿಡಿ ಸಾರ್. ಕೊನೇಲಿ ಕ್ಲೇಮ್ ಅಂತ ಇರುತ್ತಲ್ಲ, ಅದು ಮಾತ್ರ ಅವರ ಆಸ್ತಿ. ಮಿಕ್ಕಿದ್ದೆಲ್ಲ ವಿವರಣೆ." ಸೈಟಿನ ಫೋಟೋಗೂ ಖಾತೆಯ ಚಕ್ಕುಬಂದಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಮೊದಲನೇ ಕ್ಲೇಮ್ ಒಂದೇ ವಾಕ್ಯ, ಅರ್ಧ ಪುಟ. ಅವನು ಅದನ್ನು ತುಂಡು ಮಾಡಿ ಬರೆದ. ಫೋಮ್ ಸುತ್ತಿದ ಕಂಬಗಳು. ಅವುಗಳ ಮೇಲೆ ಅಟ್ಟ. ಅಟ್ಟ ಕಂಬಕ್ಕೆ ಸೇರುವ ಕಡೆ ಒಂದು ಮೆತ್ತನೆ ಕವರ್. ಆ ಕವರ್ ಎರಡು ಹೋಳು. ಎರಡು ಹೋಳೂ ನಾಲಗೆ ಮತ್ತು ಕಿಂಡಿಯಿಂದ, ಯಾವ ಉಪಕರಣವೂ ಬೇಡದೆ ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಕವರಿನ ಹೊರಮೈಯಲ್ಲಿ ಒಂದು ಗಾಡಿ, ಅಂದರೆ ಉದ್ದಕ್ಕೆ ಕೊರೆದ ತೋಡು, ಇರಬೇಕು, ನೆಟ್ಟಿನ ಅಂಚು ಅದರೊಳಗೆ ಕೂರಬೇಕು.

ಆಮೇಲೆ ಶೆಡ್ಡಿಗೆ ಬಂದ. ಸ್ಯಾಂಪಲ್ ಚೌಕಟ್ಟಿನ ಒಂದು ಮೂಲೆ ತೋರಿಸಿ ನಮ್ಮ ಮೇಸ್ತ್ರಿಗೆ ಹೇಳಿದ, "ಅಣ್ಣ, ನಿಧಾನವಾಗಿ ಬಿಚ್ಚಿ, ನಾನು ವಿಡಿಯೋ ಮಾಡ್ತೀನಿ." ಮೇಸ್ತ್ರಿ ಕವರಿನ ತುದಿ ಹಿಡಿದು ಎಳೆದ. ಚರ್ರ್ ಅಂತ ವೆಲ್ಕ್ರೋ ಬಿಟ್ಟಿತು. ಒಂದೇ ಹೋಳು, ರೆಕ್ಸಿನ್ ಹೊಲಿದ ಫೋಮು, ಸುತ್ತಿ ಅಂಟಿಸುವುದು. ನಾಲಗೆ ಇಲ್ಲ, ಕಿಂಡಿ ಇಲ್ಲ. ನೆಟ್ಟನ್ನು ನಾವು ಕೇಬಲ್ ಟೈ ಹಾಕಿ ಪೈಪಿಗೇ ಕಟ್ಟುತ್ತೇವೆ, ಕವರಿಗೂ ಅದಕ್ಕೂ ಸಂಬಂಧವಿಲ್ಲ. ಆರರಲ್ಲಿ ಮೂರು ಅಂಶ ನಮ್ಮಲ್ಲಿಲ್ಲ. ಕ್ಲೇಮಿನ ಒಂದು ಮುಖ್ಯ ಅಂಶ ಇಲ್ಲದಿದ್ದರೂ ಅದು ದೊಡ್ಡ ವಾದ. ಇಲ್ಲಿ ಮೂರು. ಮೇಸ್ತ್ರಿಗೆ ಇದೆಲ್ಲ ಅರ್ಥವಾಯಿತೋ ಇಲ್ಲವೋ, ಕವರ್ ವಾಪಸ್ ಹಾಕುತ್ತಾ ಅಂದ, "ನಾಲಗೆ ಅವರಿಗೇ ಜಾಸ್ತಿ ಇದೆ ಬಿಡಿ ಸಾರ್."

ಇನ್ನೂ ಒಳ್ಳೆಯ ಸಂಗತಿ ಸಿಕ್ಕಿದ್ದು ಪೇಟೆಂಟ್ ಆಫೀಸಿನ ವೆಬ್‌ಸೈಟಿನಲ್ಲಿ. ಫೈಲ್ ನೋಡುವುದಕ್ಕೆ ಚೆನ್ನೈಗೋ ದೆಹಲಿಗೋ ಹೋಗಬೇಕಿಲ್ಲ, ಇನ್‌ಪಾಸ್ ಅನ್ನುವ ಹುಡುಕು ಪುಟದಲ್ಲಿ ನಂಬರ್ ಹಾಕಿದರೆ ಸಾಕು, ದುಡ್ಡೂ ಇಲ್ಲ. ಅರ್ಜಿ ಹಾಕಿದ ಮೇಲೆ ಪರೀಕ್ಷಕರು ಎತ್ತಿದ ಆಕ್ಷೇಪ, ಅದಕ್ಕೆ ಅರ್ಜಿದಾರರು ಕೊಟ್ಟ ಉತ್ತರ, ಎಲ್ಲ ಅಲ್ಲೇ ಇರುತ್ತದೆ. ಪರೀಕ್ಷಕರು ಒಂದು ಹಳೆಯ ವಿದೇಶಿ ಪೇಟೆಂಟ್ ತೋರಿಸಿ, ಇಂಥ ಕವರ್ ಮೊದಲೇ ಇದೆಯಲ್ಲ ಅಂತ ಕೇಳಿದ್ದರು. ಅದಕ್ಕೆ ಈ ಕಂಪನಿ ಕೊಟ್ಟ ಉತ್ತರ ಏನು ಗೊತ್ತಾ? ಹಳೆಯದರಲ್ಲಿ ವೆಲ್ಕ್ರೋ ಇದೆ, ವೆಲ್ಕ್ರೋ ಬೇಗ ಸಡಿಲವಾಗುತ್ತದೆ, ನಮ್ಮದು ವೆಲ್ಕ್ರೋ ಅಲ್ಲ, ಕಚ್ಚಿಕೊಳ್ಳುವ ಹೋಳು, ಅದೇ ನಮ್ಮ ಹೊಸತನ. ಹೀಗೆ ಬರೆದುಕೊಟ್ಟು ಪೇಟೆಂಟ್ ತಗೊಂಡವರು ಈಗ ನಮ್ಮ ವೆಲ್ಕ್ರೋ ಕವರಿಗೆ ನೋಟಿಸು ಕಳಿಸಿದ್ದರು! ಏಜೆಂಟ್ ಹುಡುಗ ಆ ಸಾಲಿನ ಕೆಳಗೆ ಗೆರೆ ಎಳೆದು ಮೇಡಂಗೆ ಕೊಟ್ಟ. ಮೇಡಂ ಮೊದಲ ಸಲ ನಕ್ಕರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೇಡಂ ಕೇಳಿದರು, "ಎಲ್ಲಾ ಸೈಟಲ್ಲೂ ಇದೇ ಕವರಾ?" ಹೌದು ಅನ್ನೋಕೆ ಬಾಯಿ ತೆರೆದೆ. ಮೇಸ್ತ್ರಿ ಕೆಮ್ಮಿದ. ಆ ವರ್ಷದ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಗಿರಾಕಿಯೊಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿ, ನಮಗೆ ಇಂಥದ್ದೇ ಬೇಕು ಅಂದಿದ್ದರು. ದೆಹಲಿಯ ವ್ಯಾಪಾರಿಯೊಬ್ಬರ ಹತ್ತಿರ ಮೂಲೆಗೆ ಹಾಕುವ ರೆಡಿಮೇಡ್ ಕ್ಯಾಪ್ ಸಿಕ್ಕಿತು, ತರಿಸಿ ಹಾಕಿದೆವು. ನಾನು ಮರೆತೇಬಿಟ್ಟಿದ್ದೆ. ಬಿಲ್ ತೆಗೆದು ನೋಡಿದರೆ 36 ಪೀಸು. ಉಳಿದಿದ್ದ ಒಂದನ್ನು ಟೇಬಲ್ ಮೇಲಿಟ್ಟೆವು. ಎರಡು ಹೋಳು. ಒತ್ತಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಹೊರಗೆ ಗಾಡಿ. ಆರಕ್ಕೆ ಆರೂ ಅಂಶ. ನಾನು ಫೋನಿನಲ್ಲಿ ಕೂಗಾಡಿದ "ಒಂದೆರಡು ಕಡೆ" ಇದೇ ಆಗಿತ್ತು, ನನಗೇ ಗೊತ್ತಿಲ್ಲದೆ.

ಗೊತ್ತಿಲ್ಲದೆ ಮಾಡಿದ್ದು ಅಂದರೆ ಉಲ್ಲಂಘನೆ ಅಳಿಸಿ ಹೋಗಲ್ಲ. 111ನೇ ಸೆಕ್ಷನ್ ಒಂದಿಷ್ಟು ಆಸರೆ ಕೊಡುತ್ತದೆ. ಪೇಟೆಂಟ್ ಇದೆ ಅಂತ ತಿಳಿದಿರಲಿಲ್ಲ, ತಿಳಿಯೋದಕ್ಕೆ ಕಾರಣವೂ ಇರಲಿಲ್ಲ ಅಂತ ತೋರಿಸಿದರೆ ಆ ಅವಧಿಗೆ ಪರಿಹಾರ ಕೊಡಿಸುವುದಿಲ್ಲ. ಸಾಮಾನಿನ ಮೇಲೆ ಬರೀ ಪೇಟೆಂಟೆಡ್ ಅಂತ ಅಚ್ಚು ಹಾಕಿ ನಂಬರ್ ಹಾಕದಿದ್ದರೆ ಅದನ್ನು ತಿಳಿವಳಿಕೆ ಕೊಟ್ಟ ಹಾಗೆ ಹಿಡಿಯುವುದಿಲ್ಲ. ಆ ಕ್ಯಾಪಿನ ಮೇಲೆ ಏನೂ ಇರಲಿಲ್ಲ. ಆದರೆ ನೋಟಿಸು ಬಂದ ದಿನದಿಂದ ಗೊತ್ತಿರಲಿಲ್ಲ ಅನ್ನುವ ಮಾತಿಗೆ ಬೆಲೆ ಇಲ್ಲ. ಅವತ್ತೇ ರಾತ್ರಿ ಮೇಸ್ತ್ರಿ ಮತ್ತು ಇನ್ನೊಬ್ಬ ಹುಡುಗ ಬಸ್ ಹತ್ತಿ ಹುಬ್ಬಳ್ಳಿಗೆ ಹೋದರು. ಮಾರನೇ ಬೆಳಗ್ಗೆ ಮಾಲ್ ತೆರೆಯುವುದರೊಳಗೆ ಎಲ್ಲ ಕ್ಯಾಪ್ ಬಿಚ್ಚಿ ನಮ್ಮ ವೆಲ್ಕ್ರೋ ಕವರ್ ಹಾಕಿ ಬಂದರು. ಬಿಚ್ಚಿದ್ದನ್ನು ಎಸೆಯಬೇಡಿ, ಎಣಿಸಿ ಚೀಲಕ್ಕೆ ಹಾಕಿ ಸೀಲ್ ಮಾಡಿ ಅಂತ ಮೇಡಂ ಹೇಳಿದ್ದರು. ಸಾಕ್ಷಿ ನಾಶ ಮಾಡಿದ ಹಾಗೆ ಕಾಣಬಾರದಲ್ಲ.

ಒಂದು ಕಡೆ ಹೀಗೆ ಸರಿ ಮಾಡುತ್ತಾ, ಇನ್ನೊಂದು ಕಡೆ ಅವರ ಪೇಟೆಂಟ್ ನಿಲ್ಲುತ್ತದಾ ಅಂತ ಹುಡುಕಲು ಕೂತೆವು. ಎರಡು ರಾತ್ರಿ ನಾನು ಸುಮ್ನೆ ಹಾಳು ಮಾಡಿದೆ, ಆದರೆ ಖುಷಿಯಾಗಿ. ನಾವು ದಿನಾ ಬಳಸುವ, ಸ್ಕ್ರೂ ಬಿಗಿದು ಪೈಪ್ ಕೂಡಿಸುವ ಕ್ಲಾಂಪ್ ಇದೆಯಲ್ಲ, ಅದರ ಮೂಲ ನಮೂನೆ 1934ರಲ್ಲಿ ಇಂಗ್ಲೆಂಡಿನಲ್ಲಿ ಹಾಲು ಕರೆಯುವ ಕೊಟ್ಟಿಗೆಗಳಿಗೆ ಅಂತ ಹುಟ್ಟಿದ್ದು! ಮಕ್ಕಳು ಹತ್ತಿ ಆಡುವ ಕಂಬಿಗಳ ಚೌಕಟ್ಟು, ಅದೇ ಜಂಗಲ್ ಜಿಮ್ಮಿಗೆ ಅಮೆರಿಕದಲ್ಲಿ 1923ರಲ್ಲೇ ಪೇಟೆಂಟ್ ಕೊಟ್ಟಿದ್ದಾರೆ, ಅದನ್ನು ಪಡೆದವರು ಸೆಬಾಸ್ಟಿಯನ್ ಹಿಂಟನ್. ಅವರ ತಂದೆ ಗಣಿತದ ಮೇಷ್ಟ್ರು. ಮಕ್ಕಳಿಗೆ ಬೇರೆ ಬೇರೆ ಆಯಾಮ ಅರ್ಥವಾಗಲಿ ಅಂತ ಬಿದಿರಿನ ಚೌಕಟ್ಟು ಕಟ್ಟಿ ಹತ್ತಿಸುತ್ತಿದ್ದರಂತೆ. ಇದೆಲ್ಲ ಏಜೆಂಟ್ ಹುಡುಗನಿಗೆ ಉತ್ಸಾಹದಿಂದ ಕಳಿಸಿದೆ. "ಚೆನ್ನಾಗಿದೆ ಸಾರ್, ಆದರೆ ನಾಲಗೆ, ಕಿಂಡಿ, ಗಾಡಿ ಇದ್ರೆ ಕಳಿಸಿ" ಅಂದ.

ಗಾಡಿ ನಮ್ಮಲ್ಲೇ ಇತ್ತು. 2015ರಲ್ಲಿ ಮೈಸೂರಿನ ಒಂದು ಕೆಲಸದಲ್ಲಿ ದಪ್ಪ ಫೋಮಿನಲ್ಲಿ ಗೀರು ಕೊಯ್ದು ನೆಟ್ಟಿನ ಅಂಚು ಕೂರಿಸಿದ್ದೆವು. ನೆಟ್ಟು ಎಳೆದಾಡಿ ಫೋಮ್ ಹರಿದು ಹೋಯಿತು, ಆಮೇಲೆ ಆ ಸಹವಾಸವೇ ಬೇಡ ಅಂತ ಬಿಟ್ಟೆವು. ಅವರು ಅರ್ಜಿ ಹಾಕಿದ್ದು 2017ರಲ್ಲಿ. ಅದಕ್ಕೂ ಮುಂಚೆ ದೇಶದಲ್ಲಿ ಬಹಿರಂಗವಾಗಿ ಬಳಕೆಯಲ್ಲಿತ್ತು ಅಂತ ತೋರಿಸಿದರೆ ಪೇಟೆಂಟಿಗೆ ಪೆಟ್ಟು. ಫೋಟೋ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕಿತು. ಆದರೆ ವಾಟ್ಸಾಪ್ ಫೋಟೋ ಕುಗ್ಗಿಸಿ ಕಳಿಸುವಾಗ ತೆಗೆದ ದಿನಾಂಕದ ಮಾಹಿತಿಯನ್ನೂ ಕಿತ್ತು ಹಾಕುತ್ತದೆ. ಮೂಲ ಫೋಟೋ ಬೇಕು. ನನ್ನ ಹೆಂಡತಿ ಅಟ್ಟದ ಮೇಲಿನ ಡಬ್ಬ ಇಳಿಸಿ ಹಳೇ ಕ್ಯಾಮೆರಾದ ಮೆಮೊರಿ ಕಾರ್ಡ್ ಹುಡುಕಿದಳು. ಮಗಳ ಹುಟ್ಟುಹಬ್ಬದ ಫೋಟೋಗಳ ನಡುವೆ ಮೈಸೂರಿನ ಮೂಲೆ ಇತ್ತು, ತಾರೀಕು ಸಮೇತ. ಅದಕ್ಕೆ ಹೊಂದುವ ಬಿಲ್ಲು, ಗಿರಾಕಿಯ ಇಮೇಲು ಜೋಡಿಸಿದೆವು. ಡಿಜಿಟಲ್ ಫೋಟೋದ ಪ್ರತಿ ಕೋರ್ಟಿನಲ್ಲಿ ಸಾಕ್ಷಿಯಾಗಬೇಕಾದರೆ ಆಗ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ನಿನ ಸರ್ಟಿಫಿಕೇಟ್ ಬೇಕಿತ್ತು. 2024ರ ಜುಲೈನಿಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು 63ನೇ ಸೆಕ್ಷನ್.

"ಇದೊಂದರಿಂದ ಪೇಟೆಂಟ್ ಬೀಳಲ್ಲ" ಅಂದರು ಮೇಡಂ. "ಅಲುಗಾಡಿಸೋಕೆ ಸಾಕು." ಮಂಜೂರಾದ ಮಾತ್ರಕ್ಕೆ ಪೇಟೆಂಟ್ ಗಟ್ಟಿ ಅಂತ ಅಲ್ಲ. ಮಿರ್ಜಾಪುರದ ಪಾತ್ರೆ ತಯಾರಕರ ಜಗಳವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು, ಬಿಶ್ವನಾಥ್ ಪ್ರಸಾದ್ ಕೇಸು. ಲೇತ್‌ನಲ್ಲಿ ಪಾತ್ರೆ ಹಿಡಿದಿಡುವ ಸಾಧನದ ಪೇಟೆಂಟ್ ಅದು. ವರ್ಕ್‌ಶಾಪಿನಲ್ಲಿ ಯಾರಿಗಾದರೂ ಹೊಳೆಯುವಂಥ ಸುಧಾರಣೆ ಆವಿಷ್ಕಾರ ಅಲ್ಲ ಅಂತ 1978ರಲ್ಲಿ ಕೋರ್ಟು ಹೇಳಿತು. ನಮ್ಮಂಥ ಶೆಡ್ಡಿನವರ ಕೇಸು ಅಂತ ನನಗೆ ಅದು ತುಂಬಾ ಹಿಡಿಸಿತು.

ಇಲ್ಲಿ ಒಂದು ಗಡಿಯಾರವೂ ಓಡುತ್ತಿತ್ತು. ಮಂಜೂರಾದ ಸುದ್ದಿ ಪ್ರಕಟವಾಗಿ ಒಂದು ವರ್ಷದೊಳಗೆ ಪೇಟೆಂಟ್ ಆಫೀಸಿನಲ್ಲೇ ವಿರೋಧ ಸಲ್ಲಿಸಬಹುದು. ಅವರದು ಪ್ರಕಟವಾಗಿದ್ದು 2021ರ ನವೆಂಬರಿನಲ್ಲಿ, ಅಂದರೆ ನಮಗೆ ಎರಡು ತಿಂಗಳೂ ಇರಲಿಲ್ಲ. ಆದರೆ ವಿರೋಧ ಹಾಕಿದರೆ ಆಮೇಲೆ ಹೈಕೋರ್ಟಿನಲ್ಲಿ ರದ್ದು ಮಾಡಿ ಅಂತ ಕೇಳುವ ದಾರಿ ಮುಚ್ಚುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ವಿರೋಧದ ಅರ್ಜಿ ತಯಾರು ಮಾಡಿ ಇಟ್ಟುಕೊಂಡೆವು, ಹಾಕಲಿಲ್ಲ. ನಮಗೆ ತಿಳಿಸದೆ ತಡೆಯಾಜ್ಞೆ ತರಬಾರದು ಅಂತ ಬೆಂಗಳೂರಿನಲ್ಲೂ ಅವರ ಊರಿನಲ್ಲೂ ಕೇವಿಯಟ್ ಹಾಕಿದೆವು. ಅದರ ಆಯಸ್ಸು 90 ದಿನ, ಮುಗಿದರೆ ಮತ್ತೆ ಹಾಕಬೇಕು.

ಉತ್ತರ ನಾಲ್ಕೇ ಪುಟ. ವೆಲ್ಕ್ರೋ ಕವರ್ ನಿಮ್ಮ ಕ್ಲೇಮಿಗೆ ಬರಲ್ಲ, ಯಾಕೆ ಅಂತ ನಿಮ್ಮದೇ ಉತ್ತರ ನೋಡಿ. 2015ರ ಫೋಟೋ ಇದೆ. ವಿರೋಧದ ಅರ್ಜಿ ಸಿದ್ಧವಿದೆ. ಗಿರಾಕಿಗಳಿಗೆ ಆಧಾರವಿಲ್ಲದ ಬೆದರಿಕೆ ಕಳಿಸಿದ್ದೀರಿ, 106ನೇ ಸೆಕ್ಷನ್ ಪ್ರಕಾರ ನಾವೇ ನಿಮ್ಮ ಮೇಲೆ ದಾವೆ ಹೂಡಬಹುದು. ಕೊನೆಯ ಪ್ಯಾರಾದಲ್ಲಿ 36 ಕ್ಯಾಪಿನ ವಿಷಯ ಇದ್ದಿದ್ದನ್ನು ಇದ್ದ ಹಾಗೆ. ಅದನ್ನು ಬರೆಯಬೇಡಿ ಅಂತ ನಾನು ಬೇಡಿಕೊಂಡೆ. ಮೇಡಂ ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಅವರು ಆಗಲೇ ಫೋಟೋ ತೆಗೆದಿರುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಿಕ್ಕ ಮೂರೂವರೆ ಪುಟ ಯಾರೂ ನಂಬಲ್ಲ ಅಂದರು. ನಿಜವಾಗಿಯೂ ತೆಗೆದಿದ್ದರು. ಮಾತುಕತೆಗೆ ಕೂತಾಗ ಅವರ ಕಡೆಯವರ ಫೈಲಿನಲ್ಲಿ ಆ ಮೂಲೆ ಕಾಣಿಸಿತು.

ಎರಡು ಸಲ ಕೂತೆವು. ಮೊದಲ ಸಲ ಬರೀ ಜಗಳ. ಎರಡನೇ ಸಲ ನಾನು ದುಡ್ಡಿನ ವಿಷಯ ಬಿಟ್ಟು ಒಂದೇ ಹಟ ಹಿಡಿದೆ. ನಾಲ್ಕು ಗಿರಾಕಿಗಳಿಗೂ ನೋಟಿಸು ವಾಪಸ್ ತಗೊಂಡಿದ್ದೇವೆ ಅಂತ ನೀವೇ ಕಾಗದ ಬರೆಯಬೇಕು. ಅವರು ಒಪ್ಪಿದರು. ಆ ಕ್ಯಾಪ್ ಇನ್ನು ಬಳಸಲ್ಲ ಅಂತ ನಾನು ಬರೆದುಕೊಟ್ಟೆ, ಅವರ ಲಾಯರ್ ಖರ್ಚಿನಲ್ಲಿ ಒಂದು ಪಾಲು ಕೊಟ್ಟೆ. ಕೊಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ನವೆಂಬರ್ ಬರುವ ಮೊದಲೇ ಸಹಿ ಬಿತ್ತು. ಅಷ್ಟರಲ್ಲಿ ದಾವಣಗೆರೆಯವರ ದಸರಾ ರಜೆ ಮುಗಿದಿತ್ತು. ಪ್ಲೇ ಏರಿಯಾ ಒಂದು ದಿನವೂ ಮುಚ್ಚಿರಲಿಲ್ಲ.

ಚೀಲ ಇವತ್ತಿಗೂ ಆಫೀಸಿನ ಮೆಟ್ಟಿಲ ಕೆಳಗಿದೆ. ಹೋದ ತಿಂಗಳು ಮೇಸ್ತ್ರಿ ಹೊಸದೊಂದು ಕವರ್ ಮಾಡಿ ತಂದ. ವೆಲ್ಕ್ರೋ ಇಲ್ಲ, ನಾಲಗೆ ಇಲ್ಲ, ರೆಕ್ಸಿನ್ನಿನ ಮಡಿಕೆಯೇ ತಿರುಚಿ ಬಿಗಿಯಾಗುತ್ತದೆ. ತಿರುಗಿಸಿ ತಿರುಗಿಸಿ ನೋಡಿದೆ. ನಿಜಕ್ಕೂ ಚೆನ್ನಾಗಿತ್ತು.

"ಇದಕ್ಕೆ ನಾವೇ ಪೇಟೆಂಟ್ ಹಾಕೋಣ್ವಾ ಸಾರ್?" ಅಂದ.

"ಹಾಕೋಣ. ಆದರೆ ಅರ್ಜಿ ಹಾಕೋವರೆಗೆ ಯಾರಿಗೂ ತೋರಿಸಬೇಡ. ಹೊರಗೆ ಬಂದ್ರೆ ಹೊಸದು ಅನ್ನೋ ಮಾತೇ ಹೋಗುತ್ತೆ."

ಅವನು ತಲೆ ಕೆರೆದುಕೊಂಡು ಮೊಬೈಲ್ ತೆಗೆದ. ಬೆಳಗ್ಗೆಯೇ ಸ್ಟೇಟಸ್‌ಗೆ ಹಾಕಿದ್ದ. ನೂರಾ ನಲವತ್ತು ಜನ ನೋಡಿದ್ದರು.