ಸಿಎಫ್‌ಒ ಕುರ್ಚಿ ಬಿಟ್ಟು ಟ್ರಸ್ಟ್ ನಡೆಸಲು ಹೊರಟವರಿಗೆ

ನಾನು ಮೂವತ್ತೊಂದು ವರ್ಷ ಹಣಕಾಸಿನ ಕೆಲಸ ಮಾಡಿದವನು. ಉಡುಪಿಯ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿ ಸೇರಿದೆ, ಮುಂಬೈಯ ಕಂಪನಿಯೊಂದರಲ್ಲಿ ಸಿಎಫ್‌ಒ, ಅಂದರೆ ಹಣಕಾಸು ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದೆ. ಈಗ ಮಂಗಳೂರಿನಲ್ಲಿ ಡಯಾಲಿಸಿಸ್ ಕೇಂದ್ರ ನಡೆಸುವ ಒಂದು ಸಣ್ಣ ಟ್ರಸ್ಟಿನ ಮುಖ್ಯಸ್ಥ. ರಿಟೈರ್ ಆಗಲು ಎರಡು ಮೂರು ವರ್ಷ ಇರುವ ಗೆಳೆಯರು ಫೋನ್ ಮಾಡುತ್ತಾರೆ: "ನಮಗೂ ಹೀಗೆ ಎಂತಾದರೂ ಮಾಡಬೇಕು, ಹೇಗೆ ಮಾರಾಯ್ರೇ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಸ್ವಂತ ಟ್ರಸ್ಟ್ ಮಾಡಲು ಹೋಗಬೇಡಿ. ನಮ್ಮ ಊರಲ್ಲಿ ಟ್ರಸ್ಟುಗಳಿಗೆ ಬರ ಇಲ್ಲ, ಅವುಗಳ ಲೆಕ್ಕ ನೋಡುವವರಿಗೆ ಬರ. ಈಗಾಗಲೇ ನಡೆಯುತ್ತಿರುವ ಒಂದಕ್ಕೆ ಖಜಾಂಚಿಯಾಗಿ ಸೇರಿ. ಕೆಲಸದಲ್ಲಿ ಇರುವಾಗಲೇ ಸೇರಿದರೆ ಒಳ್ಳೆಯದು, ಭಾನುವಾರ ಸಾಕು. ಒಂದು ವರ್ಷ ಸುಮ್ನೆ ನೋಡಿ. ಮನೆಯಲ್ಲಿ ದುಡ್ಡಿನ ಮಾತು ಮೊದಲೇ ಮುಗಿಸಿಕೊಳ್ಳಿ. ಟ್ರಸ್ಟಿನಿಂದ ಏನೋ ಬರುತ್ತದೆ ಎಂದು ಮನೆ ಖರ್ಚಿನ ಲೆಕ್ಕ ಹಾಕಿದರೆ ಮನೆಗೂ ಟ್ರಸ್ಟಿಗೂ ಕಷ್ಟ.

ಸೇರುವ ಮೊದಲು ಕಾಗದ ಕೇಳಿ: ಟ್ರಸ್ಟ್ ಡೀಡ್, 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ, ಮೂರು ವರ್ಷದ ಆಡಿಟ್ ವರದಿ. ನೋಂದಣಿ ಒಮ್ಮೆ ಆದರೆ ಸಾಯುವವರೆಗೆ ಉಂಟು ಎಂದು ಹಳೆಯ ಟ್ರಸ್ಟಿಗಳು ನಂಬಿರುತ್ತಾರೆ. 2021ರಿಂದ ಅದಕ್ಕೆ ಅವಧಿ ಬಂದಿದೆ, ನವೀಕರಿಸಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 ನೋಂದಣಿಯೂ ಬೇಕು. ವರ್ಷದ ಆದಾಯದಲ್ಲಿ ಸಾಮಾನ್ಯವಾಗಿ ಶೇ. 85ರಷ್ಟು ಟ್ರಸ್ಟಿನ ಉದ್ದೇಶಕ್ಕೇ ಖರ್ಚಾಗಬೇಕು. ನಗದಾಗಿ 2,000 ರೂಪಾಯಿ ಮೀರಿದ ದಾನಕ್ಕೆ 80ಜಿ ವಿನಾಯಿತಿ ಇಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಎಂದಾದ ಮೇಲೆ ಸೆಕ್ಷನ್ ಸಂಖ್ಯೆಗಳೂ ಬೇರೆ. ಇದನ್ನೆಲ್ಲ ನಿಮ್ಮ ಸಿಎ ನೋಡಿಕೊಳ್ಳುತ್ತಾರೆ, ನಿಮಗಂತೂ ಇದು ನೀರು ಕುಡಿದಷ್ಟು ಸುಲಭ.

ಕಷ್ಟ ಬೇರೆ ಕಡೆ ಉಂಟು. ನನ್ನದೇ ತಪ್ಪು ಹೇಳುತ್ತೇನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಖರ್ಚಿನ ಪಟ್ಟಿಯಲ್ಲಿ 'ರೋಗಿಗಳ ಪ್ರಯಾಣ ಭತ್ಯೆ' ಎಂಬ ಸಾಲು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹೆಂಗಸರಿಗೆ ಭತ್ಯೆ ನಿಲ್ಲಿಸಿದೆ. ಕಂಪನಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಎರಡು ತಿಂಗಳು ಲೆಕ್ಕ ಬಹಳ ಚಂದ ಕಂಡಿತು. ಮೂರನೇ ತಿಂಗಳು ನಮ್ಮ ಸಿಸ್ಟರ್ ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟರು. "ಸರ್, ವಾರಕ್ಕೆ ಮೂರು ಸಲ ಬರುತ್ತಿದ್ದವರು ಎರಡು ಸಲ ಬರ್ತಿದ್ದಾರೆ. ಅವರ ಊರಿಗೆ ಸರ್ಕಾರಿ ಬಸ್ಸೇ ಇಲ್ಲ."

ನಾನು ಇದೇ ಜಿಲ್ಲೆಯವನು. ಇಲ್ಲಿ ಹೆಚ್ಚಿನ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು ಎಂದು ಹುಟ್ಟಿದಾಗಿನಿಂದ ಗೊತ್ತು. ಆದರೂ ಎಕ್ಸೆಲ್ ಎದುರು ಕೂತಾಗ ನೆನಪಾಗಲಿಲ್ಲ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದವರಿಗೆ ಬಸ್ಸಿನಲ್ಲಿ ನಿಂತು ಹೋಗಲೂ ಆಗುವುದಿಲ್ಲ, ಆಟೋ ಬೇಕು, ಜೊತೆಗೊಬ್ಬರು ಬೇಕು. ಭತ್ಯೆ ವಾಪಸ್ ಕೊಟ್ಟೆವು. ಅಂದಿನಿಂದ ನನ್ನದೊಂದು ನಿಯಮ: ಯಾವ ಖರ್ಚು ಕಡಿತ ಮಾಡುವುದಿದ್ದರೂ, ಆ ಖರ್ಚು ಯಾರಿಗಾಗಿಯೋ ಅವರ ಜೊತೆ ಒಮ್ಮೆ ಅವರ ಮನೆವರೆಗೆ ಹೋಗಿ ಬರುವುದು. ನೀವೂ ಮಾಡಿ. ಕಾರಿನಲ್ಲಿ ಬೇಡ.

ಇನ್ನು ದುಡ್ಡು ತರುವ ವಿಷಯ. ದೊಡ್ಡ ಕಂಪನಿಗಳಲ್ಲಿ ನಿಮಗೆ ಪರಿಚಯ ಉಂಟು, ಒಂದು ಫೋನಿಗೆ ಐದು ಲಕ್ಷ ಬರಬಹುದು. ತನ್ನಿ. ಆದರೆ ಅಲ್ಲಿನ ಅಧಿಕಾರಿ ಬದಲಾದರೆ ಮುಂದಿನ ವರ್ಷ ಅದು ಇರುವುದಿಲ್ಲ. ನಾನು ನಮ್ಮ ಊರಿನದೇ ವಿದ್ಯೆ ಹಿಡಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರು ಮಾಡಿದ್ದು ದಿನಕ್ಕೆ ಎರಡಾಣೆಯಿಂದ, ಏಜೆಂಟರೇ ಮನೆ ಬಾಗಿಲಿಗೆ ಹೋಗಿ. ನನ್ನ ಅಮ್ಮ ಮಲ್ಲಿಗೆ ಕಟ್ಟಿದ ದುಡ್ಡಿನಲ್ಲಿ ಪಿಗ್ಮಿ ಕಟ್ಟುತ್ತಿದ್ದರು. ಆ ಏಜೆಂಟರಿಗೆ ನಮ್ಮ ಮನೆಯ ಜ್ವರ, ಮದುವೆ, ಜಗಳ ಎಲ್ಲ ಗೊತ್ತಿತ್ತು. ಹಾಗೆಯೇ ನಾವು ಬಂದರಿನ ಅಂಗಡಿಯವರಿಂದ, ಹಂಪನಕಟ್ಟೆಯ ಹೋಟೆಲಿನವರಿಂದ ತಿಂಗಳಿಗೆ 200 ರೂಪಾಯಿ ಕೇಳುತ್ತೇವೆ. ಹೋಗುವುದು ನಾನೇ. ಮೊದಲ ಸಲ ಗಲ್ಲಾಪೆಟ್ಟಿಗೆ ಎದುರು ನಿಂತಾಗ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಕೊಟ್ಟವರ ಪ್ಯಾನ್ ಸಂಖ್ಯೆ ಆವತ್ತೇ ಬರೆದುಕೊಳ್ಳಿ. ಮೇ 31ರೊಳಗೆ ದಾನಿಗಳ ವಿವರ ತೆರಿಗೆ ಇಲಾಖೆಗೆ ಸಲ್ಲಿಸಿ ಅವರಿಗೆ ಪ್ರಮಾಣಪತ್ರ ಕೊಡಬೇಕು, ಆಗ ಮುನ್ನೂರು ಜನರ ಹಿಂದೆ ಓಡಲಾಗುವುದಿಲ್ಲ.

ದೊಡ್ಡ ದಾನಿಗೆ 'ಬೇಡ' ಎನ್ನುವುದನ್ನೂ ಕಲಿಯಬೇಕು. ಕಂಪನಿಯಲ್ಲಿ ಬಂದ ಬಂಡವಾಳಕ್ಕೆ ಬೇಡ ಎಂದು ಅಭ್ಯಾಸ ಇರುವುದಿಲ್ಲ ಅಲ್ವಾ? ಒಬ್ಬರು ಬಂದು, "ಇನ್ನೊಂದು ಡಯಾಲಿಸಿಸ್ ಯಂತ್ರ ಕೊಡ್ತೇನೆ, ಅಪ್ಪನ ಹೆಸರಿನ ಬೋರ್ಡ್ ಹಾಕಿ" ಎಂದರು. ನಮ್ಮಲ್ಲಿ ಯಂತ್ರಕ್ಕೆ ಕೊರತೆ ಇರಲಿಲ್ಲ. ಟೆಕ್ನಿಶಿಯನ್ ಸಂಬಳಕ್ಕೆ, ನೀರಿಗೆ ಕೊರತೆ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಅಷ್ಟು ಶುದ್ಧ ನೀರು ಮಾಡಲು ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋಗಬೇಕು. ಏಪ್ರಿಲ್, ಮೇಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರದಲ್ಲಿ ದಿನ ಬಿಟ್ಟು ದಿನ ನಲ್ಲಿ ಬಂದರೆ ನಮಗೆ ಟ್ಯಾಂಕರೇ ಗತಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟೆ. "ನೀರಿನ ಟ್ಯಾಂಕಿಗೆ ಅಪ್ಪನ ಹೆಸರು ಹಾಕಿದರೆ ಜನ ಎಂತ ಹೇಳ್ತಾರೆ?" ಎಂದು ಅವರಿಗೆ ಸಿಟ್ಟು ಬಂತು. ಹದಿನೈದು ದಿನ ಫೋನ್ ಇಲ್ಲ. ಆಮೇಲೆ ಅವರೇ ಬಂದರು.

ಈಗ ಟೆರೇಸಿನ ಮೇಲೆ ಹತ್ತು ಸಾವಿರ ಲೀಟರಿನ ಟ್ಯಾಂಕ್ ಉಂಟು, ಅದರ ಕೆಳಗೆ ಗ್ರಾನೈಟ್ ಬೋರ್ಡ್. ಬೋರ್ಡ್ ನೋಡಲು ಅವರು ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ಜೊತೆ ಬರುತ್ತಾರೆ. ಬಂದಾಗ ಆ ತಿಂಗಳ ಟ್ಯಾಂಕರ್ ಬಿಲ್ಲನ್ನೂ ಕೈಗೆ ಕೊಡುತ್ತೇನೆ.