ಸ್ಪ್ರಿಂಗ್ ಹಾಕಿಸ್ತೀರಾ? ಶಾಕ್ ಯಾವುದು ಅಂತ ಮೊದಲು ಹೇಳಿ

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಕಾರಿಗೆ ಕೆಲವು ವರ್ಷಗಳ ಹಿಂದೆ ಗಾಡಿಯನ್ನು 40 ಮಿಮೀ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಶಾಕ್, ಅಂದರೆ ಶಾಕ್ ಅಬ್ಸಾರ್ಬರ್, ಹಳೆಯದೇ ಇರಲಿ, ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಜಾಸ್ತಿ ದುಡ್ಡು ಅಂತ ಬಿಟ್ಟೆ. ನಿಲ್ಲಿಸಿದಾಗ ಗಾಡಿ ಸಖತ್ತಾಗಿ ಕಾಣುತ್ತಿತ್ತು. ಓಡಿಸಿದಾಗಿನ ಕಥೆ ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾಯಿತು. ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಮುಂದಿನ ಚಕ್ರ ಪುಟಿಯುತ್ತಿತ್ತು, ಹಿಂಭಾಗ ಎರಡು ಮೂರು ಸಲ ಕುಣಿದ ಮೇಲೇ ಸುಮ್ಮನಾಗುತ್ತಿತ್ತು. ವರ್ಷ ತುಂಬುವ ಮೊದಲೇ ಮುಂದಿನ ಎರಡೂ ಸ್ಟ್ರಟ್‌ನಿಂದ (ಶಾಕ್ ಇರುವ ಕಂಬದಂಥ ಭಾಗ) ಎಣ್ಣೆ ಸೋರತೊಡಗಿತು. ತಪ್ಪು ಸ್ಪ್ರಿಂಗಿನದಲ್ಲ, ಶಾಕಿನದೂ ಅಲ್ಲ. ಇವೆರಡನ್ನು ಜೋಡಿ ಮಾಡಿದ ನನ್ನದು.

ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ನೋಡಿ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ, ಸ್ಪ್ರಿಂಗ್ ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಹಿಗ್ಗಬೇಕು ಅನ್ನುವುದನ್ನು ಹಿಡಿದಿಡುತ್ತದೆ, ಹಾಗೆ ಹೀರಿದ ಶಕ್ತಿಯನ್ನು ಶಾಖವಾಗಿ ಹೊರಗೆ ಹಾಕುತ್ತದೆ. ಹಂಪ್ ಹತ್ತಿದಾಗ ಒತ್ತಿದ ಸ್ಪ್ರಿಂಗ್ ಮರುಕ್ಷಣ ವಾಪಸ್ ತಳ್ಳುತ್ತದೆ ಅಲ್ವಾ, ಅದಕ್ಕೆ ರಿಬೌಂಡ್ ಅನ್ನುತ್ತಾರೆ, ಅದನ್ನು ತಡೆಯುವುದು ಶಾಕಿನ ಕೆಲಸ. ಗಟ್ಟಿ ಸ್ಪ್ರಿಂಗ್ ಜೋರಾಗಿ ತಳ್ಳುತ್ತದೆ. ಮೆತ್ತನೆ ಸ್ಪ್ರಿಂಗಿಗೆ ಅಂತ ಮಾಡಿದ ಶಾಕ್ ಅದನ್ನು ಹಿಡಿಯಲಾರದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ.

ಸ್ಟ್ರಟ್ ಅಂದರೆ ಬರೀ ಶಾಕ್ ಅಲ್ಲ. ಪೋಲೋದ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಅದರ ಮೇಲೇ ಕೂರುತ್ತದೆ, ಸ್ಟೀರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ, ಚಕ್ರದಿಂದ ಬರುವ ಅಡ್ಡ ಒತ್ತಡವನ್ನೂ ಅದೇ ತಡೆಯುತ್ತದೆ. ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ, ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಹಿಂದಿನ ಕೆಲಸ ಸುಲಭ, ಅಗ್ಗ. ಜನ ತಪ್ಪು ಮಾಡುವುದು ಮುಂದೆ.

ಈಗ ಆಯ್ಕೆಗೆ ಬರೋಣ. ಮೊದಲು ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಕೇಳಿ. ‘ಸ್ಪೋರ್ಟ್ಸ್ ಸ್ಪ್ರಿಂಗ್ ಸಾರ್, ಸೂಪರ್ ಆಗಿರುತ್ತೆ’ ಅನ್ನುವುದು ಉತ್ತರವಲ್ಲ. ಒಂದು ಮಿಲಿಮೀಟರ್ ಒತ್ತಲು ಎಷ್ಟು ನ್ಯೂಟನ್ ಬಲ ಬೇಕು ಅನ್ನುವ ಅಂಕಿ ಬೇಕು. ಕೆಲವರು ಕೆಜಿ ಲೆಕ್ಕದಲ್ಲಿ ಹೇಳುತ್ತಾರೆ, ಅದನ್ನು 9.8ರಿಂದ ಗುಣಿಸಿ. ಅಮೆರಿಕದ ಮಾಲಾದರೆ ಇಂಚಿಗೆ ಇಷ್ಟು ಪೌಂಡ್ ಅಂತಿರುತ್ತದೆ, ಅಲ್ಲಿ 100 ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 17.5.

ಒಂದು ಉದಾಹರಣೆ ಕೊಡುತ್ತೇನೆ. ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ 300 ಕೆಜಿ ಇದೆ, ಸ್ಪ್ರಿಂಗ್ ಮಿಲಿಮೀಟರಿಗೆ 22 ನ್ಯೂಟನ್ ಅಂತ ಇಟ್ಟುಕೊಳ್ಳಿ. ಆ ಮೂಲೆ ತನ್ನಷ್ಟಕ್ಕೆ ಕುಣಿದರೆ ಸೆಕೆಂಡಿಗೆ ಸುಮಾರು 1.36 ಸಲ ಕುಣಿಯುತ್ತದೆ. ಅದೇ ಜಾಗಕ್ಕೆ 30ರ ಸ್ಪ್ರಿಂಗ್ ಹಾಕಿದರೆ 1.59 ಸಲ. ಮನೆಮಂದಿ ಓಡಾಡುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರುತ್ತವೆ. 1.5 ದಾಟಿದರೆ ಸ್ಪೋರ್ಟಿ, 2 ದಾಟಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಸರಿ, ಹಾಸನ ರಸ್ತೆಗೆ ಅಲ್ಲ. 22ರಿಂದ 30 ಅಂದರೆ ಸ್ಪ್ರಿಂಗ್ 36% ಗಟ್ಟಿಯಾಯಿತು, ಆದರೆ ಶಾಕ್ ಅಷ್ಟೇ ಗಟ್ಟಿಯಾಗಬೇಕಿಲ್ಲ. ಇದು ವರ್ಗಮೂಲದ ಲೆಕ್ಕ, 17% ಸಾಕು. ಇದನ್ನು ತಿಳಿಯದೆ ಸ್ಪ್ರಿಂಗೂ ಗಟ್ಟಿ, ಶಾಕೂ ಸಿಕ್ಕಾಪಟ್ಟೆ ಗಟ್ಟಿ ಮಾಡಿಕೊಂಡು, ಆಮೇಲೆ ಸೊಂಟ ನೋವು ಅಂತ ಓಡಾಡುವವರೂ ಇದ್ದಾರೆ.

ಈ ಲೆಕ್ಕ ಸ್ಟ್ರಟ್‌ಗೆ ಹೆಚ್ಚುಕಡಿಮೆ ನೇರವಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲಿ ಚಕ್ರ ಎಷ್ಟು ಏರಿತೋ ಸ್ಪ್ರಿಂಗೂ ಹತ್ತಿರ ಹತ್ತಿರ ಅಷ್ಟೇ ಕುಗ್ಗುತ್ತದೆ. ಮೇಲೊಂದು ಕೆಳಗೊಂದು ಆರ್ಮ್ ಚಕ್ರ ಹಿಡಿಯುವ ಡಬಲ್ ವಿಶ್‌ಬೋನ್ ಗಾಡಿಯಲ್ಲಿ ಹಾಗಲ್ಲ. ಚಕ್ರ 10 ಮಿಮೀ ಏರಿದಾಗ ಸ್ಪ್ರಿಂಗ್ 7 ಮಿಮೀ ಮಾತ್ರ ಕುಗ್ಗಿದರೆ, 50ರ ಸ್ಪ್ರಿಂಗ್ ಚಕ್ರದ ಹತ್ತಿರ 24.5 ಅಷ್ಟೇ. ಬೇರೆ ಕಾರಿನವರು ಹೇಳಿದ ಅಂಕಿಯನ್ನು ನಿಮ್ಮ ಕಾರಿಗೆ ಹಾಗೇ ತರಬೇಡಿ.

ಎರಡನೆಯದು ಎತ್ತರ. ನನ್ನ ಸ್ಟ್ರಟ್ ಸತ್ತದ್ದು ಇದರಿಂದಲೇ. ಕಾರಿನ ಜೊತೆ ಬಂದ ಶಾಕ್ ಕಾರಿನ ಮೂಲ ಎತ್ತರಕ್ಕೆ ಮಾಡಿದ್ದು. 40 ಮಿಮೀ ತಗ್ಗಿಸಿದರೆ ಅದು ಕುಗ್ಗಲು ಇದ್ದ ಜಾಗದಲ್ಲಿ 40 ಮಿಮೀ ನಿಂತಲ್ಲೇ ಖರ್ಚಾಯಿತು. ಉಳಿದದ್ದು ಒಂದು ಗುಂಡಿಗೆ ಮುಗಿಯುತ್ತದೆ, ಆಮೇಲೆ ಪ್ರತಿ ಸಲ ಬಂಪ್ ಸ್ಟಾಪ್, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿನ ಮೇಲೆ ಕೂರುವುದು. ತಿರುವಿನಲ್ಲಿ ಮುಂದಿನ ಬಂಪ್ ಸ್ಟಾಪ್ ತಾಗಿದರೆ ಆ ಮೂಲೆ ಒಮ್ಮೆಗೇ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಚಕ್ರ ಹಿಡಿತ ಬಿಡುತ್ತದೆ, ಗಾಡಿ ತಿರುಗದೆ ನೇರ ಹೋಗುತ್ತದೆ. ಅದಕ್ಕೇ ತಗ್ಗಿಸಿದ ಗಾಡಿಗೆ ಗಿಡ್ಡ ಮೈಯ ಶಾಕ್ ಬೇರೆಯೇ ಬರುತ್ತದೆ. ಶಾಕ್ ಮಾಡುವ ಬಿಲ್‌ಸ್ಟೈನ್ ಕಂಪನಿಯವರಲ್ಲಿ ಬಿ6 ಮೂಲ ಎತ್ತರಕ್ಕೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆ. ಬಿ12 ಅಂದರೆ ಬಿ8 ಜೊತೆ ಐಬಾಕ್ ಕಂಪನಿಯ ಸ್ಪ್ರಿಂಗ್ ಜೋಡಿಸಿ ಕೊಡುವ ಕಿಟ್. ಲೆಕ್ಕ ಹಾಕುವ ತಾಳ್ಮೆ ಇಲ್ಲದವರು ಇಂಥ ಕಿಟ್ ತೆಗೆದುಕೊಳ್ಳಿ, ಜೋಡಿ ಹೊಂದಿಸುವ ತಲೆನೋವು ಅವರದ್ದು. ಕೋನಿ ಕಂಪನಿಯ ಹಳದಿ ಶಾಕ್‌ನಲ್ಲಿ ರಿಬೌಂಡ್ ಮಾತ್ರ ತಿರುಗಿಸಿ ಹೊಂದಿಸಬಹುದು. ಸ್ಪ್ರಿಂಗನ್ನು ಮುಂದೊಂದು ದಿನ ಬದಲಾಯಿಸುವ ಯೋಚನೆ ಇದ್ದವರಿಗೆ ಅದು ಅನುಕೂಲ.

ಎಷ್ಟು ತಗ್ಗಿಸಬೇಕು? ನಾನು ಈಗ 25 ಮಿಮೀಗಿಂತ ಜಾಸ್ತಿ ಬೇಡ ಅನ್ನುತ್ತೇನೆ. ಬಣ್ಣ ಬಳಿಯದ ಹಂಪ್‌ಗಳು ಒಂದು ಕಾರಣ. ಇನ್ನೊಂದು ಕಾರಣ ಸ್ಟ್ರಟ್‌ನಲ್ಲೇ ಇದೆ. ಜಾಸ್ತಿ ತಗ್ಗಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲಕ್ಕೆ ವಾಲುತ್ತದೆ, ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಗಾಡಿಗಿಂತ ಬೇಗ ಕೆಳಗೆ ಇಳಿಯುತ್ತದೆ. ಗಾಡಿ ತಗ್ಗಿದರೂ ವಾಲುವುದು ಕಡಿಮೆಯಾಗುವುದಿಲ್ಲ. ನೋಡಲು ರೇಸ್ ಕಾರು, ತಿರುವಿನಲ್ಲಿ ದೋಣಿ.

ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ನಿಜ, ಆದರೆ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಜೋತಾಡಿದಾಗ ಕಳಚಿಕೊಳ್ಳಲೂಬಹುದು. ಎತ್ತರ ತಿರುಗಿಸಿ ಹೊಂದಿಸುವ ಸ್ಪ್ರಿಂಗ್-ಶಾಕ್ ಜೋಡಿಗೆ ಕಾಯಿಲೋವರ್ ಅನ್ನುತ್ತಾರೆ, ಅದರಲ್ಲಿ ಅಗ್ಗದ್ದರ ಬಗ್ಗೆಯೂ ನನಗೆ ಒಲವಿಲ್ಲ. ಮಂಗಳೂರು ಕಡೆಯ ಉಪ್ಪುಗಾಳಿ, ಮಳೆಗೆ ಅದರ ಥ್ರೆಡ್‌ಗಳು ತುಕ್ಕು ಹಿಡಿದು ಕೂತರೆ ಎತ್ತರ ಹೊಂದಿಸುವ ಮಾತು ಅಲ್ಲಿಗೇ ಮುಗಿಯಿತು.

ಆರ್ಡರ್ ಮಾಡುವ ಮುಂಚೆ ಮಾಡೆಲ್ ಹೆಸರು ಒಂದನ್ನೇ ನಂಬಬೇಡಿ. ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ 5 ಮತ್ತು 6ನೇ ತಲೆಮಾರಿನಲ್ಲಿ 50 ಮಿಮೀ, 55 ಮಿಮೀ ವ್ಯಾಸದ ಸ್ಟ್ರಟ್ ಎರಡೂ ಇವೆ, ತಪ್ಪಿದರೆ ಕೂರುವುದೇ ಇಲ್ಲ. ಡೀಸೆಲ್ ಎಂಜಿನ್ ಭಾರ ಜಾಸ್ತಿ, ಅದರ ಸ್ಪ್ರಿಂಗ್ ಪೆಟ್ರೋಲ್ ಗಾಡಿಗೆ ಹಾಕಿದರೆ ಮೂತಿ ಎತ್ತಿ ನಿಲ್ಲುತ್ತದೆ. ಸ್ಟ್ರಟ್‌ನ ತಲೆಯನ್ನು ಬಾಡಿಗೆ ಹಿಡಿಸುವ ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ರಬ್ಬರ್, ಇವನ್ನೂ ಹೊಸದಾಗಿಯೇ ತನ್ನಿ. ಬಿಚ್ಚುವ ಕೂಲಿ ಎರಡು ಸಲ ಕೊಡುವುದು ಯಾಕೆ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಎರಡು ವಿಷಯ ನೋಡಿ. ಸ್ಟ್ರಟ್‌ನ ಮೇಲಿನ ನಟ್ಟನ್ನು ಗಾಳಿ ಗನ್ನಿನಿಂದ ಬಿಗಿಯಬಾರದು, ಒಳಗಿನ ರಾಡ್ ಗಿರಗಿರ ತಿರುಗಿ ಸೀಲ್ ಹಾಳಾಗುತ್ತದೆ. ರಬ್ಬರ್ ಬುಷ್‌ನ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಪೂರ್ತಿ ಬಿಗಿಯಬೇಕು. ಜೋತಾಡುವಾಗಲೇ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಕೆಲಸವನ್ನು ಮನೆಯಲ್ಲಿ ಮೊದಲ ಸಲ ಕಲಿಯಲು ಹೋಗಬೇಡಿ, ಜಾರಿದರೆ ಕೈಮುಖ ಉಳಿಯುವುದಿಲ್ಲ. ಇನ್ಶೂರೆನ್ಸ್‌ನವರಿಗೆ ಒಂದು ಮಾತು ತಿಳಿಸಿಬಿಡಿ.

ಬಿಚ್ಚುವ ಮುಂಚೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆದು ಫೋಟೋ ತೆಗೆದಿಡಿ. ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, 500 ಕಿಮೀ ಓಡಿಸಿ, ಮತ್ತೆ ಅಳೆಯಿರಿ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ ಒಂದೆರಡು ಮಿಮೀ ಕೂತಿರುತ್ತದೆ. ಎಡ ಬಲದ ನಡುವೆ 5 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಏನೋ ತಪ್ಪು ಕೂತಿದೆ ಅಂತ ಲೆಕ್ಕ, ವಾಪಸ್ ಹೋಗಿ ಬಿಚ್ಚಿಸಿ. ಸರಿ ಇದ್ದರೆ ಅಲೈನ್‌ಮೆಂಟ್ ಇನ್ನೊಂದು ಸಲ.